ನೆಟ್ಟಗಿದ್ದ ಬಿಳಿ ಚುಕ್ಕೆ

ಮೊನ್ನೆ ಬೀರುವಿನ ತಳದಲ್ಲಿ ಹಳದಿ ಕವರೊಂದು ಸಿಕ್ಕಿತು. ಒಳಗೆ ನನ್ನ ಐದನೇ ವಯಸ್ಸಿನಿಂದ ಹತ್ತನೇ ತರಗತಿಯವರೆಗಿನ ಪಾಸ್‌ಪೋರ್ಟ್ ಸೈಜಿನ ಫೋಟೋಗಳು. ತೆರೆದೊಡನೆ ಕೊಡಿಗೇಹಳ್ಳಿಯ ಸ್ಟುಡಿಯೋ ಅಂಕಲ್‌ರ ಪೌಡರ್ ಡಬ್ಬಿಯ ವಾಸನೆಯೇ ಬಂದಂತಾಯಿತು...

ಫೋಟೋಗೆ ಮುಂಚೆ ಅವರೇ ನನ್ನ ಕೂದಲು ಬಾಚುತ್ತಿದ್ದರು. "ಗಲ್ಲ ಸ್ವಲ್ಪ ಕೆಳಗೆ ಪುಟ್ಟಿ, ಹಾಂ, ಇಲ್ಲಿ ನೋಡು" ಎನ್ನುತ್ತಿದ್ದರು. ನನಗೆ ಅವರೆಂದರೆ ಪ್ರಾಣ.

ನನ್ನ ಎಡಗಣ್ಣು ಒಳಕ್ಕೆ ಸರಿದಿದೆಯೆಂದು ಅಮ್ಮನಿಗೆ ಆಗಲೇ ಅನುಮಾನವಿತ್ತು. ಅಪ್ಪ ಸ್ಕೂಲಿಗೆಂದು ಅಂಕಲ್ ಹತ್ತಿರ ತೆಗೆಸಿದ ಫೋಟೋ ತಂದು ತೋರಿಸಿದ್ದರು. "ನೋಡು, ನೆಟ್ಟಗೇ ಇದೆ. ಸುಮ್ನೆ ತಲೇಲಿ ಹುಳ ಬಿಟ್ಕೋಬೇಡ." ಅಮ್ಮ ಡಾಕ್ಟರಿಗೆ ತೋರಿಸುವ ಮಾತು ಬಿಟ್ಟಳು.

ಕಳೆದ ತಿಂಗಳು ಹೆಬ್ಬಾಳದ ಆಸ್ಪತ್ರೆಯೊಂದರಲ್ಲಿ ಕಣ್ಣಿನ ಡಾಕ್ಟರ್ ಮೊದಲು ಟಾರ್ಚ್ ಬಿಟ್ಟರು. ಬೆಳಕಿನ ಚುಕ್ಕೆ ಬಲಗಣ್ಣಿನ ಪಾಪೆಯ ನಡುವೆ ಬಿತ್ತು, ಎಡಗಣ್ಣಿನಲ್ಲಿ ಅಂಚಿಗೆ. ಟಾರ್ಚಿನದು ಬರೀ ಅಂದಾಜು, ನಿಖರ ಅಳತೆ ಬೇಕಾದರೆ ಒಂದೊಂದೇ ಕಣ್ಣು ಮುಚ್ಚಿ ಪ್ರಿಸಂ ಗಾಜು ಹಿಡಿಯಬೇಕು ಎಂದರು. ಹಿಡಿದೂ ನೋಡಿದರು. ಆಮೇಲೆ ಗಾಜನ್ನು ಕೆಳಗಿಟ್ಟರು.

"ಇದಕ್ಕೆ ಎರಡು ಕಣ್ಣೂ ನೋಡ್ಬೇಕಮ್ಮ. ನಿಮ್ಮ ಎಡಗಣ್ಣು ನೋಡೋದನ್ನೇ ಬಿಟ್ಟಿದೆ. ಟಾರ್ಚಿನ ಅಂದಾಜೇ ಗತಿ."

ಐದಾರು ವರ್ಷದಲ್ಲೇ ತೋರಿಸಿದ್ದರೆ, ಒಳ್ಳೆಯ ಕಣ್ಣಿಗೆ ಪಟ್ಟಿ ಹಾಕಿ ಇದಕ್ಕೆ ನೋಡುವುದನ್ನು ಕಲಿಸಬಹುದಿತ್ತಂತೆ. ಈ ಮೆಳ್ಳೆ ಯಾವಾಗಿನದೆಂದು ತಿಳಿಯಲು ಹಳೆಯ ಫೋಟೋ ತರಲು ಹೇಳಿದರು. ಆದರೆ ಕವರಿನ ಅಷ್ಟೂ ಫೋಟೋಗಳಲ್ಲಿ ಫ್ಲಾಶಿನ ಬಿಳಿ ಚುಕ್ಕೆ ಎರಡೂ ಪಾಪೆಗಳ ನಟ್ಟನಡುವೆ ಇತ್ತು!

ಅಂಕಲ್‌ರನ್ನೇ ಕೇಳೋಣವೆಂದು ನಿನ್ನೆ ಕವರ್ ಹಿಡಿದು ಸ್ಟುಡಿಯೋಗೆ ಹೋದೆ. ಅಂಕಲ್ ತೀರಿಕೊಂಡು ಎರಡು ವರ್ಷವಾಗಿತ್ತು. ಕೌಂಟರಿನಲ್ಲಿದ್ದ ಅವರ ಹೆಂಡತಿ ನನ್ನ ಮುಖ ನೋಡಿದ ಕೂಡಲೇ ಗುರುತು ಹಿಡಿದರು.

"ಪುಟ್ಟಿ ಅಲ್ವಾ? ಕಣ್ಣು ನೋಡೇ ಗೊತ್ತಾಯ್ತು. ಪ್ರತಿ ಸಲ ಕಂಪ್ಯೂಟರ್ ಮುಂದೆ ಕೂತು ನಿನ್ ಕಣ್ಣು ಸರಿ ಮಾಡೋರು ಕಣಮ್ಮ. ಹೆಣ್ಣುಮಗು, ಮನೇವ್ರು ನೊಂದ್ಕೋಬಾರ್ದು ಅಂತ."

ಬೈಯಬೇಕೆನಿಸಿತು. ಯಾರನ್ನು ಬೈಯಲಿ? ಹತ್ತು ವರ್ಷ ನನ್ನ ಕಣ್ಣನ್ನು ಅಷ್ಟು ಹತ್ತಿರದಿಂದ ನೋಡಿದವರು ಅವರೊಬ್ಬರೇ. ಅಮ್ಮನ ಕಿವಿಯಲ್ಲಿ ಒಂದು ಮಾತು ಹಾಕಿದ್ದರೆ ಸಾಕಿತ್ತು. ಎಂಥ ಒಳ್ಳೆಯ ಮನುಷ್ಯ! ಆ ಒಳ್ಳೆಯತನವನ್ನು ಕ್ಷಮಿಸಲು ನನ್ನಿಂದ ಆಗುತ್ತಿಲ್ಲ.

ಹೊರಡುವ ಮುನ್ನ ಗೋಡೆಯ ಮೇಲಿನ ಅವರ ಫೋಟೋ ಎದುರು ನಿಂತು ಬಲಗಣ್ಣು ಮುಚ್ಚಿಕೊಂಡೆ. ಹಾರ ಮಸುಕಾಗಿ ಕಾಣಿಸಿತು. ಮುಖ ಕಾಣಿಸಲಿಲ್ಲ.