ಕೌದಿಯ ಹೊಟ್ಟೆಯಲ್ಲಿಟ್ಟ ಕಾಗದ

ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ನನ್ನ ದೊಡ್ಡವ್ವನ ಬಲಗೈ ಹೆಬ್ಬೆರಳು ಕೌದಿಯ ಅಂಚನ್ನು ಬಿಟ್ಟುಕೊಟ್ಟಿತು. ಹೊತ್ತು ಇಷ್ಟು ಸರಿಯಾಗಿ ನೆನಪಿರಲು ಕಾರಣವಿದೆ. ಹಜ್ ಯಾತ್ರಿಕರ ಹಡಗು ದಾರಿಯಲ್ಲಿ ನಿಲ್ಲುವ ಆ ನಡುಗಡ್ಡೆಯ ರೋಗ ತಪಾಸಣೆಯ ಶೆಡ್ಡಿನಲ್ಲಿ ಒಂದು ದೊಡ್ಡ ಗಡಿಯಾರವಿತ್ತು, ಗಂಡಸರ ಸಾಲಿನಲ್ಲಿ ನಿಂತ ನಾನು ಅದನ್ನೇ ನೋಡುತ್ತಿದ್ದೆ. ಹೆಂಗಸರ ಸಾಲು ಹಗ್ಗದ ಆಚೆಗಿತ್ತು. ಜವಾನನೊಬ್ಬ ಆಕೆಯ ಕೈಯಲ್ಲಿದ್ದ ಕೌದಿ ಎಳೆದ, ಆಕೆ ಬಿಡಲಿಲ್ಲ. ಮತ್ತೆ ಎಳೆದ. ನಲವತ್ತು ವರ್ಷ ಸೂಜಿ ಒತ್ತಿ ಒತ್ತಿ ಚಮಚದಂತೆ ಚಪ್ಪಟೆಯಾಗಿದ್ದ, ಗೆರೆಗಳೆಲ್ಲ ಸವೆದು ನುಣ್ಣಗಾಗಿದ್ದ ಆ ಹೆಬ್ಬೆರಳು ಬಟ್ಟೆಯ ಮೇಲೆ ಒಂದು ಕ್ಷಣ ತಡೆದು, ಜಾರಿತು. ಕೌದಿ ತಳ್ಳುಗಾಡಿಗೆ ಬಿತ್ತು. ಅದರೊಳಗೆ ನಮ್ಮಿಬ್ಬರ ಹಜ್ ಪಾಸುಗಳೂ ಊರಿಗೆ ಮರಳುವ ಹಡಗಿನ ಟಿಕೀಟುಗಳೂ ಇದ್ದವು. ಗಾಡಿ ಹೊರಟದ್ದು ಬಟ್ಟೆಗಳಿಗೆ ಕುದಿಯುವ ಉಗಿ ಹಾಯಿಸುವ ಕಬ್ಬಿಣದ ಕೋಣೆಯತ್ತ.

ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ನಾವು ಚಿತ್ತಾಪುರದ ಪಿಂಜಾರರು; ಓಣಿಗೆಲ್ಲ ಕೇಳುವಂತೆ ಬಿಲ್ಲು ಮಿಡಿದು ಹತ್ತಿ ಹಿಂಜಿ ಗಾದಿ ಮಾಡುವವರು, ಹಳೆ ಬಟ್ಟೆ ಕೂಡಿಸಿ ಕೌದಿ ಹೊಲಿಯುವವರು. ನಿಜಾಮರ ಆಳ್ವಿಕೆಯ ಆ ದಿನಗಳಲ್ಲಿ ನನ್ನನ್ನು ಹೈದರಾಬಾದಿನ ಕಾಲೇಜಿಗೆ ಕಳಿಸಿದವಳು ಆಕೆಯೇ. ತಾಯಿ ಸತ್ತಾಗ ನನಗೆ ನಾಲ್ಕು ವರ್ಷ. ಅಂದಿನಿಂದ ನಾನು ಆಕೆಯ ಮನೆಯ ಹತ್ತಿಯ ದೂಳಿನಲ್ಲಿ ಬೆಳೆದೆ.

ಆಕೆ ಕೌದಿ ಹೊಲಿಯಲು ಊರೂರು ತಿರುಗುತ್ತಿದ್ದಳು. ಸೇಡಂನಲ್ಲಿ ವೈಷ್ಣವರ ಒಂದು ಮನೆಯಿತ್ತು. ಅಲ್ಲಿಯ ಹಿರಿಯ ಹೆಂಗಸು ಹಳೆಯ ಸೀರೆಗಳನ್ನು ಒಗೆದು, ಮಡಿಯಲ್ಲಿದ್ದಾಗ ಮುಟ್ಟಬಾರದೆಂದು ಕಟ್ಟೆಯ ಮೇಲಿಟ್ಟು ಒಳಗೆ ಹೋಗುತ್ತಿದ್ದಳು. ಬಾಗಿಲ ಮರೆಯಿಂದಲೇ ಇಬ್ಬರೂ ಅರ್ಧ ದಿನ ಹರಟುತ್ತಿದ್ದರು. ಆಡಕಿಯ ಒಕ್ಕಲಿಗರ ಮನೆಗಳಿಂದ ಹರಿದ ಧೋತರ ಬರುತ್ತಿತ್ತು, ಚಿಂಚೋಳಿಯಿಂದ ತೆಲುಗು ಮಾತಾಡುವ ಹೆಂಗಸರ ದಪ್ಪ ಸೀರೆ ಬರುತ್ತಿತ್ತು. ಯಾವ ತುಂಡು ಯಾರ ಮನೆಯದೆಂದು ಆಕೆಗೆ ಕೊನೆಯವರೆಗೂ ನೆನಪಿರುತ್ತಿತ್ತು.

ಕೌದಿ ಮುಗಿಸುವಾಗ ಆಕೆಯದೊಂದು ಪದ್ಧತಿ. ಕೊನೆಯ ಮೂಲೆಯಲ್ಲಿ ಅಂಗೈಯಗಲದ ಬಾಯಿ ಬಿಟ್ಟಿರುತ್ತಿದ್ದಳು. ಅದರೊಳಗೆ ಒಂದು ಚೂರು ರೊಟ್ಟಿ, ಒಂದು ಹರಳು ಬೆಲ್ಲ ಇಟ್ಟು ಆಮೇಲೆ ಹೊಲಿದು ಮುಚ್ಚುತ್ತಿದ್ದಳು. "ಕೌದಿ ಹೊಟ್ಟಿ ಖಾಲಿ ಇಡಬಾರ್ದು. ಹಸಿದ ಕೌದಿ ಹೊದ್ದವರಿಗೆ ನಿದ್ದಿ ಕೊಡಲ್ಲ," ಎನ್ನುವಳು. ನಮ್ಮ ಓಣಿಯ ಹೆಂಗಸರೆಲ್ಲ ಹೀಗೇ ಮಾಡುತ್ತಿದ್ದರು. ಕಾಲೇಜಿನಿಂದ ರಜೆಗೆ ಬಂದಾಗ ನಾನು ನಗುತ್ತಿದ್ದೆ. ಇರುವೆ ಹತ್ತುತ್ತವೆ ಎಂದರೆ, "ಹತ್ಲಿ, ಅವಕೂ ಹೊಟ್ಟಿ ಅದ," ಎನ್ನುವಳು.

ಗಂಡ ತೀರಿದ ಮೇಲೆ ಆಕೆಗೆ ಹಜ್‌ಗೆ ಹೋಗುವ ಆಸೆ ಹತ್ತಿತು. ಜೊತೆಗೆ ಹತ್ತಿರದ ಗಂಡಸೊಬ್ಬ ಬೇಕು, ಅದು ನಾನು. ಗುಲಬರ್ಗಾದ ಕಚೇರಿಯಲ್ಲಿ ಅರ್ಜಿ ಬರೆದವನು ನಾನು, ಪಾಸು ತಂದವನು ನಾನು. ವಾಡಿ ಜಂಕ್ಷನ್‌ನಲ್ಲಿ ಮುಂಬಯಿ ಗಾಡಿ ಹತ್ತುವಾಗ ಶಹಾಬಾದಿನ ಒಬ್ಬ ಮುದುಕ ನಮ್ಮ ಡಬ್ಬಿಗೇ ಬಂದ. ಗಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಸೀಳುತ್ತಿದ್ದವನು, ಒಂದು ಕಣ್ಣಿಗೆ ಕಲ್ಲಿನ ಚಕ್ಕೆ ಬಡಿದು ಪೊರೆ ಬಂದಿತ್ತು. ಅವನೂ ಹಜ್‌ಗೆ ಹೊರಟವನು. ಅಲ್ಲಿಂದ ಮುಂದೆ ನಾವು ಮೂವರಾದೆವು.

ಮುಂಬಯಿಯ ಯಾತ್ರಿಕರ ಛತ್ರದಲ್ಲಿ ಬೇರೆ ಊರಿನವನೊಬ್ಬನ ಜೇಬು ಕತ್ತರಿಸಿ ಯಾರೋ ಪಾಸು ಟಿಕೀಟು ಎರಡೂ ಒಯ್ದರು. ಅವನು ಬಾಗಿಲ ಬಳಿ ಕುಳಿತು ತಲೆ ಚಚ್ಚಿಕೊಳ್ಳುತ್ತಿದ್ದುದನ್ನು ದೊಡ್ಡವ್ವ ಬಹಳ ಹೊತ್ತು ನೋಡಿದಳು. ಪಾಸಿಲ್ಲದವನನ್ನು ಮುಂದಿನ ನೆಲದಲ್ಲಿ ಇಳಿಸುವುದಿಲ್ಲ, ಮರಳುವ ಟಿಕೀಟಿಲ್ಲದವನು ಪರದೇಶದ ಬೀದಿಯಲ್ಲಿ ಬೇಡಿ ತಿನ್ನಬೇಕು. ಇದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಆಕೆ ನನ್ನ ಮುಂದೆ ಕೈ ಚಾಚಿದಳು.

"ತಾ ಇಲ್ಲಿ ಕಾಗದ."

"ನನ್ನ ಕೋಟಿನ ಒಳಜೇಬಿನಾಗ ಅವ ದೊಡ್ಡವ್ವ."

"ಅವಂದೂ ಒಳಜೇಬೇ ಇತ್ತು. ತಾ ಅಂದೆ."

ತನ್ನ ಕೌದಿಯ ಮೂಲೆ ಬಿಚ್ಚಿ, ಕಾಗದಗಳನ್ನು ಒಳಗೆ ಸೇರಿಸಿ, ಹೊಸ ರೊಟ್ಟಿಯ ಚೂರು, ಬೆಲ್ಲದ ಹರಳು ಇಟ್ಟು ಹೊಲಿದಳು. ಹೇಗೆ ಜೋಡಿಸಿದಳೆಂದು ನಾನು ನೋಡಲಿಲ್ಲ.

ಹಡಗು ಕರಾಚಿಯಲ್ಲಿ ನಿಂತಿತು. ಎಲ್ಲರೂ ಇಳಿದು ಕಾಲಾಡಿಸಿ ಬಂದರು. ಆಕೆ ಇಳಿಯಲಿಲ್ಲ. ಏಡನ್‌ನಲ್ಲೂ ಅಷ್ಟೆ. ಬಿಸಿಲಿಗೆ ಕಾದ ಡೆಕ್ಕಿನ ಮೇಲೆ ಕೌದಿ ಹಾಸಿ, ಅದರ ಮೂಲೆಯ ಮೇಲೆಯೇ ಕುಳಿತಿರುತ್ತಿದ್ದಳು. ಬಂದರಿನಲ್ಲಿ ಪ್ರಯಾಣಿಕರ ತಲೆ ಎಣಿಸಲು ಬರುವ ಹಡಗಿನ ಗುಮಾಸ್ತ ಆಕೆಯನ್ನು ಕಂಡು ನಗುತ್ತಿದ್ದ. ಶಹಾಬಾದಿನ ಮುದುಕ ಕೆಣಕುತ್ತಿದ್ದ:

"ಏ ಗಾದಿಬಾಯಿ, ಹಡಗ ಮುಳುಗಿದ್ರ ನಿನ್ನ ಕೌದಿ ತೇಲ್ತದೇನ?"

"ಮೊದ್ಲ ನೀ ಮುಳುಗು, ನೋಡಿ ಹೇಳ್ತೀನಿ."

"ನಾ ಕಲ್ಲಿನಾಂವ, ಸೀದಾ ತಳಕ್ಕ!"

"ಹಂಗಾದ್ರ ಅಲ್ಲೇ ಒಂದ್ ಫರಸಿ ಹಾಕಿ ಇಡು, ನಾ ಬರ್ತೀನಿ."

ಇಷ್ಟು ಬರೆಯುವಾಗ ನನಗೂ ನಗು ಬರುತ್ತದೆ. ಮುಂದಿನದನ್ನು ಬರೆಯಲು ಕೈ ಇನ್ನೂ ತಡೆಯುತ್ತದೆ.

ಏಡನ್ ಬಿಟ್ಟ ಮರುದಿನ ಹಡಗಿನ ಗೋಡೆಗೆ ಇಂಗ್ಲಿಷ್ ಮತ್ತು ಉರ್ದುವಿನಲ್ಲಿ ಒಂದು ಸೂಚನೆ ಅಂಟಿಸಿದರು. ಮುಂದಿನ ನಡುಗಡ್ಡೆಯಲ್ಲಿ ರೋಗದ ತಪಾಸಣೆಗೆ ಎಲ್ಲರೂ ಇಳಿಯಬೇಕು, ಸ್ನಾನ ಮಾಡಬೇಕು, ಹಾಸಿಗೆ ಬಟ್ಟೆಗಳೆಲ್ಲ ಉಗಿಯ ಕೋಣೆಗೆ ಹೋಗುತ್ತವೆ, ಕಾಗದಪತ್ರ, ಚರ್ಮದ ವಸ್ತು ಮೊದಲೇ ತೆಗೆದು ಕೈಯಲ್ಲಿಟ್ಟುಕೊಳ್ಳಬೇಕು. ಜನ ಮುತ್ತಿದರು. ಓದಲು ಬಾರದವರು ನನ್ನ ತೋಳು ಹಿಡಿದರು. ನಾನು ಒಂದು ಪೆಟ್ಟಿಗೆಯ ಮೇಲೆ ನಿಂತು ಜೋರಾಗಿ ಓದಿದೆ, ಉರ್ದುವಿನಲ್ಲಿ ಬಿಡಿಸಿ ಹೇಳಿದೆ. ಇಂಗ್ಲಿಷ್ ಓದುವ ಹುಡುಗನೆಂದು ಹಡಗಿನ ವೈದ್ಯರು ನನ್ನನ್ನು ಮಾತಾಡಿಸಿದರು. ನಾನು ಹಿಗ್ಗಿದೆ. ಮಧ್ಯಾಹ್ನ ದೊಡ್ಡವ್ವನ ಬಳಿ ಹೋದಾಗ ಆಕೆ ಕೇಳಿದಳು:

"ಏನ್ ಬರದಾರೋ ಅದ್ರಾಗ?"

"ಏನಿಲ್ಲ ದೊಡ್ಡವ್ವ. ಜಳಕದ ಮಾತು."

ಮರೆತದ್ದಲ್ಲ. ಮರೆತೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ನನ್ನ ತಲೆಯಲ್ಲಿ ವೈದ್ಯರ ಮಾತು ಇನ್ನೂ ಓಡುತ್ತಿತ್ತು, ಆಕೆಗೆ ಕೂತು ವಿವರಿಸುವ ತಾಳ್ಮೆ ಇರಲಿಲ್ಲ, ಇಳಿಯುವ ಮೊದಲು ಹೇಳಿದರಾಯಿತು ಎಂದುಕೊಂಡೆ. ಅಷ್ಟೆ.

ಮರುದಿನ ಗಂಡಸರನ್ನೂ ಹೆಂಗಸರನ್ನೂ ಬೇರೆ ಬೇರೆ ದೋಣಿಗಳಲ್ಲಿ ಇಳಿಸಿದರು. ಒಂಬತ್ತು ಹತ್ತಕ್ಕೆ ಗಾಡಿ ಉರುಳಿದಾಗ ಕೂಗಿದೆ, ಹಗ್ಗ ದಾಟಿ ಓಡಿದೆ. ಇಬ್ಬರು ಜವಾನರು ಹಿಡಿದುಕೊಂಡರು. ಕಬ್ಬಿಣದ ಬಾಗಿಲು ಮುಚ್ಚಿತು, ಉಗಿ ಸುಯ್ಯೆಂದಿತು. ಒಮ್ಮೆ ಮುಚ್ಚಿದ ಮೇಲೆ ಹೊತ್ತು ಆಗುವವರೆಗೂ ತೆಗೆಯುವಂತಿಲ್ಲ ಎಂದರು. ನಾನು ಗಡಿಯಾರದ ಕೆಳಗೆ ಕುಕ್ಕರಿಸಿದೆ. ಮುಳ್ಳು ಸರಿಯುವುದು ಕಣ್ಣಿಗೆ ಕಾಣುತ್ತಿತ್ತು.

ಕೌದಿ ಹೊರಬಂದಾಗ ಕೈ ಸುಡುತ್ತಿತ್ತು. ಹಲ್ಲಿನಿಂದ ಮೂಲೆ ಹರಿದೆ. ಒಳಗೆ ಬೆಲ್ಲ ಕರಗಿ ಕಂದು ಪಾಕವಾಗಿ ಹರಿದಿತ್ತು. ಮೊದಲು ಸಿಕ್ಕಿದ್ದು ದೊಡ್ಡವ್ವನ ಪಾಸು, ಟಿಕೀಟು: ಒಂದಕ್ಕೊಂದು ಅಂಟಿದ ಮುದ್ದೆ. ಬಿಡಿಸಿದರೆ ಚಿಂದಿಯಾಯಿತು, ಹೆಸರಿಲ್ಲ, ಮೊಹರಿಲ್ಲ. ಇನ್ನೂ ಐದು ಪದರ ಬಿಚ್ಚಿದೆ. ಅಲ್ಲಿ, ಸೇಡಂನ ಆ ಮನೆಯ ರೇಷ್ಮೆಯ ತುಂಡಿನ ಒಳಗೆ, ಮೇಣದ ಬಟ್ಟೆಯಲ್ಲಿ ಸುತ್ತಿದ ನನ್ನ ಕಾಗದಗಳಿದ್ದವು. ಒದ್ದೆಯಾಗಿದ್ದವು, ಆದರೆ ಪ್ರತಿ ಅಕ್ಷರವೂ ಓದಬಹುದಿತ್ತು.

ಹಗ್ಗದ ಆಚೆ ನಿಂತಿದ್ದ ಆಕೆಗೆ ಎರಡನ್ನೂ ಎತ್ತಿ ತೋರಿಸಿದೆ.

"ನಂದ್ಯಾಕ ಒಳಗಿಟ್ಟಿ? ನಿಂದ್ಯಾಕ ಮ್ಯಾಲಿಟ್ಟಿ?"

"ಕಳ್ಳ ಕತ್ರಿ ಹಾಕಿದ್ರ ಮೊದ್ಲ ನಂದು ಸಿಗ್ಲಿ ಅಂತ. ಒಂದು ಸಿಕ್ರ ಓಡಿ ಹೋಗ್ತಾನ, ಮುಂದ ಹುಡುಕಲ್ಲ." ನನ್ನ ಕೈಯ ಕಾಗದ ನೋಡಿ, "ಮೇಣದ ಬಟ್ಟಿ ಒಂದಾ ಇತ್ತು," ಎಂದಳು.

ತಪಾಸಣೆಯ ಅಧಿಕಾರಿ ಕೆಟ್ಟವನಲ್ಲ. ಮುದ್ದೆಯನ್ನು ಬೆಳಕಿಗೆ ಹಿಡಿದು ನೋಡಿದ. ಟಿಕೀಟು ಕೊಡುವಾಗ ಹಡಗಿನ ಕಂಪನಿ ಬರೆಸಿಕೊಂಡ ರಸೀದಿಯಲ್ಲಿ ಆಕೆಯ ಹೆಬ್ಬೆಟ್ಟು ಇದೆ, ಅದು ತಾಳೆಯಾದರೆ ಸಾಕು ಎಂದ. ಮಸಿ ಹಚ್ಚಿ ಒತ್ತಿಸಿದ. ಕಾಗದದ ಮೇಲೆ ಒಂದು ಕಪ್ಪು ಚುಕ್ಕೆ ಬಿತ್ತು. ಅದರಲ್ಲಿ ಒಂದು ಗೆರೆಯೂ ಇರಲಿಲ್ಲ. ಮತ್ತೊಮ್ಮೆ ಒತ್ತಿಸಿದ. ಅದೇ ಚುಕ್ಕೆ. ರಸೀದಿಯಲ್ಲೂ ಅಂಥದೇ ಚುಕ್ಕೆ ಇತ್ತು. ಇಂಥ ಚುಕ್ಕೆ ಯಾರು ಬೇಕಾದರೂ ಒತ್ತಬಹುದು ಎಂದು ಅವನು ತಲೆಯಾಡಿಸಿದ. ಹಡಗಿನವರು ಬಂದು ಗುರುತು ಹೇಳಬೇಕು. ಇಲ್ಲದಿದ್ದರೆ ಆಕೆ ಇಲ್ಲೇ ಉಳಿದು, ಮುಂಬಯಿಗೆ ಮರಳುವ ಹಡಗು ಯಾವಾಗ ಬರುತ್ತದೋ ಆಗ ಹೋಗಬೇಕು.

ತಪಾಸಣೆ ಮುಗಿಯುವವರೆಗೆ ಹಡಗು ದೂರದ ನೀರಿನಲ್ಲಿ ನಿಂತಿತ್ತು; ಎರಡು ದಿನ ನಾವೆಲ್ಲ ಆ ಮರಳಿನಲ್ಲಿ ಕಾದೆವು. ಹೆಂಗಸರದು ಒಂದು ಚಾಪೆಯ ಗುಡಿಸಲು, ಗಂಡಸರದು ಇನ್ನೊಂದು. ನಾನು ದಿನವಿಡೀ ಹಗ್ಗದ ಬಳಿ ನಿಂತಿರುತ್ತಿದ್ದೆ.

"ನೀ ಹೋಗಿ ಬಾ," ಎಂದಳು ಆಕೆ. "ನನ್ನ ಹೆಸ್ರಿಲೆ ಒಂದ್ ಸಲಾಮ್ ಹೇಳು. ಅಷ್ಟಾದ್ರ ಆತು."

"ನಿನ್ನ ಬಿಟ್ಟು ನಾ ಎಲ್ಲೂ ಹೋಗಾಂವಲ್ಲ."

"ಹುಚ್ಚ. ನಾ ಏನ್ ಸಣ್ಣ ಕೂಸೇನು? ಇಲ್ಲೂ ಜನ ಹಾಸ್ಗೊಂಡು ಮಲಗ್ತಾರ, ಹೊದ್ಕೊಂತಾರ. ಕೌದಿ ಹೊಲ್ಕೋಂತ ಕೂಡ್ತೀನಿ."

ಹೇಳಿ ನಕ್ಕಳು. ಆದರೆ ಹರಿದ ಕೌದಿ ಮಡಿಲಲ್ಲಿದ್ದರೂ ಆ ಎರಡು ದಿನ ಆಕೆ ಸೂಜಿ ಮುಟ್ಟಲಿಲ್ಲ. ಸೂಜಿ ಹಿಡಿಯದ ಆಕೆಯ ಕೈಯನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಎರಡನೆಯ ದಿನ ಇಳಿಹೊತ್ತಿಗೆ ದೋಣಿಯಲ್ಲಿ ಹಡಗಿನ ಗುಮಾಸ್ತ ಪಟ್ಟಿ ಹಿಡಿದು ಬಂದ. ಶಹಾಬಾದಿನ ಮುದುಕ ಅವನ ಹಿಂದೆಯೇ ಓಡಿ ಏನೇನೋ ಸಾಕ್ಷಿ ಹೇಳುತ್ತಿದ್ದ. ಗುಮಾಸ್ತ ದೊಡ್ಡವ್ವನ ಮುಖ ನೋಡಲಿಲ್ಲ, ಮಡಿಲ ಕೌದಿ ನೋಡಿದ. ಕರಾಚಿಯಲ್ಲೂ ಏಡನ್‌ನಲ್ಲೂ ಹಡಗಿನಿಂದ ಇಳಿಯದ ಹೆಂಗಸು ಇವಳೊಬ್ಬಳೇ, ಎರಡೂ ಬಂದರಿನಲ್ಲಿ ಇವಳ ಹೆಸರಿನ ಮುಂದೆ ತಾನೇ ಗುರುತು ಹಾಕಿದ್ದೇನೆ ಎಂದು ಅಧಿಕಾರಿಗೆ ಪಟ್ಟಿ ತೋರಿಸಿದ. ಅಧಿಕಾರಿ ಅರ್ಧ ಹಾಳೆಯಲ್ಲಿ ನಾಲ್ಕು ಸಾಲು ಬರೆದು ಮೊಹರು ಒತ್ತಿದ. ನಾನು ಅಳುವುದನ್ನು ಕಂಡು ಮುದುಕ, "ಏ, ಅಳಬ್ಯಾಡ, ಮೊಹರು ಹಸಿ ಅದ!" ಎಂದು ಗದರಿದ.

ಆಮೇಲಿನ ಎಲ್ಲ ಬಾಗಿಲುಗಳನ್ನೂ ಆಕೆ ಆ ಅರ್ಧ ಹಾಳೆಯಿಂದಲೇ ದಾಟಬೇಕಾಯಿತು. ಅದು ನನ್ನ ಸೊಂಟದ ಪಟ್ಟಿಯಲ್ಲಿತ್ತು. ಕಣ್ಣು ಮುಚ್ಚಿದರೆ ಗಾಡಿ ಉರುಳುವ ಸದ್ದು, ಉಗಿಯ ಸುಯ್ ಸದ್ದು. ತಟ್ಟನೆ ಎದ್ದು ಪಟ್ಟಿ ಮುಟ್ಟಿ ನೋಡುತ್ತಿದ್ದೆ. ಪವಿತ್ರ ಸ್ಥಳಗಳನ್ನೆಲ್ಲ ನಾನು ಒಂದು ಕೈ ಸೊಂಟದ ಮೇಲಿಟ್ಟೇ ಕಂಡೆ. ಮರಳುವಾಗ ಯಾವ ಬಂದರಿನಲ್ಲೂ ನಾನು ಇಳಿಯಲಿಲ್ಲ. ಆಕೆ ಇಳಿದಳು. ಕರಾಚಿಯಲ್ಲಿ ಮುದುಕನ ಜೊತೆ ಹೋಗಿ ಖರ್ಜೂರ ತಂದು ನನಗೆ ತಿನ್ನಿಸಿದಳು.

ಊರಿಗೆ ಬಂದ ಮೇಲೂ ನಿದ್ದೆ ಬರಲಿಲ್ಲ. ಆ ಹಾಳೆಯನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದೆ, ಎದ್ದೆದ್ದು ತಡವುತ್ತಿದ್ದೆ. ದೊಡ್ಡವ್ವ ಹನ್ನೆರಡು ದಿನ ನೋಡಿದಳು. ಹದಿಮೂರನೆಯ ದಿನ ಸಂಜೆ ರೊಟ್ಟಿ ಬಡಿಯುತ್ತ ನನ್ನನ್ನು ಒಲೆಯ ಮುಂದೆ ಕರೆದಳು.

"ತಾ ಆ ಕಾಗದ."

ಕೊಟ್ಟೆ. ಒಲೆಗೆ ಹಾಕಿದಳು. ನಾನು ಕೈ ಹಾಕಲು ಹೋದೆ, ಹಿಟ್ಟಿನ ಕೈಯಿಂದ ನನ್ನ ಮಣಿಕಟ್ಟು ಹಿಡಿದಳು.

"ಯಾಕ್ ಸುಟ್ಟಿ? ಯಾರರ ಕೇಳಿದ್ರ?"

"ಯಾರ್ ಕೇಳ್ತಾರ? ಚಿತ್ತಾಪುರದಾಗ ನಾ ಯಾರಂತ ಕೇಳಾಂವ ಇನ್ನೂ ಹುಟ್ಟಿಲ್ಲ."

ಆಗ ನನ್ನ ಬಾಯಿಂದ ಹೊರಬಿತ್ತು. "ದೊಡ್ಡವ್ವ, ಅವತ್ತು ಆ ಗ್ವಾಡಿ ಮ್ಯಾಲಿನ ಕಾಗದದಾಗ ಎಲ್ಲಾ ಬರದಿದ್ರು. ನಾನೇ ಓದಿದ್ದೆ. ನಿನಗ..."

"ಗೊತ್ತದ," ಎಂದಳು. "ಕಲ್ಲಿನ ಮುದುಕ ಆ ಗುಡಸಲ ಹಂತ್ಯಾಕ ಬಂದು ಹೇಳಿದ್ದ. ಎಲ್ಲಾರಿಗೂ ಓದಿ ಹೇಳ್ಯಾನ, ನಿನಗ ಹೇಳಿಲ್ಲೇನು ಅಂತ."

"ಮತ್ತ ಅವಾಗ್ಲೇ ಯಾಕ್ ಬೈಲಿಲ್ಲ?"

"ಬೈದಿದ್ರ ನೀ ಅಲ್ಲೇ ಎದಿ ಒಡ್ದು ಸಾಯ್ತಿದ್ದಿ." ರೊಟ್ಟಿ ಹೊರಳಿಸಿದಳು. "ಸಿಟ್ಟು ಬಂದಿತ್ತು. ಭಾಳ ಬಂದಿತ್ತು. ಒಂದ್ ದಿನಾ ಪೂರ್ತಿ ನಿನ್ನ ಮಾರಿ ನೋಡಬಾರ್ದು ಅನಿಸಿತ್ತು. ಆಮ್ಯಾಲ ನೋಡಿದ್ರ ನೀ ಬಿಸಿಲಾಗ ಹಗ್ಗ ಹಿಡ್ಕೊಂಡು ನಿಂತೇ ಇದ್ದಿ." ನನ್ನ ತಾಟಿಗೆ ರೊಟ್ಟಿ ಹಾಕಿದಳು. "ಉಣ್ಣು."

ದೊಡ್ಡವ್ವ ತೀರಿ ಈಗ ಹನ್ನೊಂದು ವರ್ಷ. ಇಂದಿಗೂ ಯಾವ ಗೋಡೆಯ ಮೇಲೆ ಸೂಚನೆ ಕಂಡರೂ ನಾನು ನಿಂತು ಓದುತ್ತೇನೆ, ಪಕ್ಕದಲ್ಲಿರುವವರಿಗೆ, ಅವರು ಕೇಳದಿದ್ದರೂ, ಹೇಳುತ್ತೇನೆ. ಒಲೆಯ ಮುಂದಿನ ಆ ಸಂಜೆ ನಾಲ್ಕು ರೊಟ್ಟಿ ತಿಂದೆ. ಗೋಡೆಗೆ ಒರಗಿದ್ದು ನೆನಪಿದೆ, ಮಲಗಿದ್ದು ನೆನಪಿಲ್ಲ. ಎಚ್ಚರವಾದಾಗ ಬಿಸಿಲು ಹೊಸ್ತಿಲು ದಾಟಿ ನನ್ನ ಮೊಳಕಾಲಿನವರೆಗೆ ಬಂದಿತ್ತು. ಹೊರಗೆ ಅಂಗಳದಲ್ಲಿ ಹತ್ತಿ ಹಿಂಜುವವರು ಕೆಲಸ ನಿಲ್ಲಿಸಿ ಕುಳಿತಿದ್ದರು, ಆಕೆ ಅವರಿಗೆ ಪಿಸುದನಿಯಲ್ಲಿ ಹೇಳುತ್ತಿದ್ದಳು: "ಬಿಲ್ಲು ಮುಟ್ಟಬ್ಯಾಡ್ರಿ. ಹುಡುಗ ಮಲಗ್ಯಾನ."