ಅಕ್ಕನ ಕಾಲಿಗೆ ನಾನು ಹೇಳಿದ ಆಯಸ್ಸು

ಚಪ್ಪಲಿಯನ್ನು ತಿರುವಿ ನೋಡಿದರೆ ಮನುಷ್ಯನ ನಡಿಗೆ ತಿಳಿಯುತ್ತದೆಂದು ನನಗೆ ತೋರಿಸಿಕೊಟ್ಟವಳು ನನ್ನ ಅಕ್ಕ ಗಿರಿಜಮ್ಮ. ಜಗಳೂರಿನ ಕಡೆಯ ಹಳ್ಳಿಗಳಲ್ಲಿ ಸರ್ಕಾರಿ ನರ್ಸಾಗಿ, ಹೆರಿಗೆ ಮಾಡಿಸುತ್ತ ಇಪ್ಪತ್ತು ವರ್ಷ ನಡೆದವಳು. ಬಿಲ್ಲಿನಂತೆ ಹೊರಕ್ಕೆ ಬಾಗಿದ್ದ ಅವಳ ಕಾಲುಗಳಿಂದಾಗಿ ಚಪ್ಪಲಿಗಳು ಯಾವಾಗಲೂ ಹೊರ ಅಂಚಿನಲ್ಲೇ ಸವೆಯುತ್ತಿದ್ದವು. ನಲವತ್ತು ದಾಟಿದ ಮೇಲಂತೂ ಬಲ ಮಂಡಿ ಊದಿಕೊಂಡು, ಬಸ್ಸಿನ ಮೆಟ್ಟಿಲು ಹತ್ತುವುದೂ ಅವಳಿಗೆ ಕಷ್ಟವಾಯಿತು.

ಎಪ್ಪತ್ತರ ದಶಕದ ನಡುವಿನ ಮಾತು. ಹೊನ್ನಾಳಿಯಲ್ಲಿ ಮೇಷ್ಟ್ರಾಗಿದ್ದ ನಾನು ಅವಳನ್ನು ದಾವಣಗೆರೆಗೆ ಕರೆದೊಯ್ದೆ. ಮೂಳೆ ಡಾಕ್ಟರು ಹಾಳೆಯ ಮೇಲೆ ಚಿತ್ರ ಬರೆದು ವಿವರಿಸಿದರು. ಮಂಡಿಯ ಒಳಬದಿ ಸವೆದಿದೆ, ಹೊರಬದಿ ಚೆನ್ನಾಗಿದೆ. ಮಂಡಿಯ ಕೆಳಗಿನ ಮೂಳೆಯಿಂದ ಬೆಣೆಯಂಥ ಒಂದು ಚೂರನ್ನು ಕತ್ತರಿಸಿ ತೆಗೆದು, ಕಾಲನ್ನು ನೆಟ್ಟಗೆ ಕೂಡಿಸಿದರೆ ಮೈಭಾರ ಚೆನ್ನಾಗಿರುವ ಬದಿಗೆ ಸರಿಯುತ್ತದೆ. ಅಕ್ಕ ಹೊರಗೆ ಹೋದ ಮೇಲೆ ನಾನು ಕೇಳಿದೆ, "ಎಷ್ಟು ವರ್ಷ ತಡೀತೈತೆ ಡಾಕ್ಟ್ರೇ?"

"ಎಂಟೋ ಹತ್ತೋ ವರ್ಷ ನೋಡ್ರಿ. ಆಮೇಲೆ ನೋವು ತಿರುಗಿ ಬರಬಹುದು. ಅವರಿಗೂ ಹೇಳಿಬಿಡ್ರಿ."

ನಾನು ಹೇಳಲಿಲ್ಲ. ಮೂಳೆ ಕತ್ತರಿಸುತ್ತಾರೆಂದೇ ಬೆದರಿದ್ದವಳು, ಹತ್ತೇ ವರ್ಷವೆಂದರೆ ಎದ್ದು ಊರಿಗೆ ಹೊರಟುಬಿಟ್ಟಾಳೆಂಬ ಭಯ. "ಜೋಪಾನ ಮಾಡಿದ್ರೆ ಸಾಯೋತನಕ ಇರ್ತೈತಂತೆ ಅಕ್ಕ" ಎಂದುಬಿಟ್ಟೆ.

ಪ್ಲಾಸ್ಟರ್ ಬಿಚ್ಚಿದ ದಿನ ಅವಳು ನೆಟ್ಟಗಾದ ಕಾಲನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು. ಕೆಲವು ತಿಂಗಳಲ್ಲಿ ನೋವೂ ಹೋಯಿತು. ಆದರೆ ಸ್ನೇಹಿತರೇ, ನಾನು ಎಣಿಸದಿದ್ದ ಒಂದು ಸಂಗತಿ ನಡೆಯಿತು: ಅಕ್ಕ ನನ್ನ ಮಾತನ್ನು ಪೂರ್ತಿ ನಂಬಿದಳು. ಕಾಲನ್ನು ಉಳಿಸಿಕೊಳ್ಳಲೆಂದು ಹಳ್ಳಿ ಸುತ್ತುವ ಕೆಲಸ ಬಿಟ್ಟು, ಚನ್ನಗಿರಿಯ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕುರ್ಚಿಗೆ ವರ್ಗ ಮಾಡಿಸಿಕೊಂಡಳು. ಹೆರಿಗೆಗೆಂದು ಯಾರಾದರೂ ಕರೆಯಲು ಬಂದರೆ, "ಕಾಲು ಕಾಯ್ಕೋಬೇಕಪ್ಪ, ಬ್ಯಾರೇರನ್ನ ಕರ್ಕೊಂಡು ಹೋಗ್ರಿ" ಎನ್ನುವಳು. ಅವರು ಹೋದ ದಾರಿಯನ್ನೇ ನೋಡುತ್ತ ಕೂರುವಳು. ಪ್ರತಿ ರಜೆಯಲ್ಲೂ ನಾನು ಅವಳ ಮುಖಕ್ಕಿಂತ ಮೊದಲು ಮಂಡಿಯನ್ನು ನೋಡುತ್ತಿದ್ದೆ. ನಿಜ ಗಂಟಲವರೆಗೆ ಬರುತ್ತಿತ್ತು, ಅವಳು ಬಡಿಸಿದ ಅನ್ನದ ಜೊತೆ ಒಳಗೆ ಇಳಿಯುತ್ತಿತ್ತು.

ಒಂಬತ್ತನೆಯ ವರ್ಷ ನೋವು ಮರಳಿತು. "ಎಲ್ಲೋ ನಂದೇ ಜೋಪಾನ ತಪ್ಪೈತೆ ಕಣೋ" ಎಂದು ಅವಳು ತನ್ನನ್ನೇ ಹಳಿದುಕೊಂಡಾಗ ನನ್ನಿಂದ ತಡೆಯಲಾಗಲಿಲ್ಲ, ಎಲ್ಲವನ್ನೂ ಹೇಳಿದೆ.

ಅಕ್ಕ ಮಂಡಿಯ ಕೆಳಗಿನ ಹಳೆಯ ಹೊಲಿಗೆಯ ಗುರುತನ್ನು ಬೆರಳಿನಿಂದ ಸವರಿದಳು.

"ಹತ್ತು ವರ್ಷ ಅಂದಿದ್ರೆ ನಾನು ಬ್ಯಾಡ ಅಂತಿದ್ದಿಲ್ಲ. ಮಾಡಿಸ್ಕೊಂಡು, ಆ ಹತ್ತು ವರ್ಷನೂ ನಡೀತಿದ್ದೆ. ನೀನು ಸಾಯೋತನಕ ಅಂದೆ, ನಾನು ಅದನ್ನ ಕಾಯ್ಕೊಂಡು ಕುಂತೆ."

ನಾನು ಕ್ಷಮೆ ಕೇಳಲೆಂದು ಅವಳು ಕಾಯಲಿಲ್ಲ. ಮಾರನೆಯ ದಿನವೇ ಅರ್ಜಿ ಬರೆದು, ನ್ಯಾಮತಿಯ ಕಡೆಯ ಹಳ್ಳಿಗಳಿಗೆ ಹಾಕಿಸಿಕೊಂಡಳು. ನಿವೃತ್ತಿಯಾಗುವ ತನಕ, ಮೂರು ವರ್ಷ, ಊರುಗೋಲು ಹಿಡಿದು ನಡೆದಳು.

ಮೊದಲ ದಿನ ನಾನೂ ಜೊತೆಗೆ ಹೋಗಿದ್ದೆ. ಸೂರಗೊಂಡನಕೊಪ್ಪದ ದಾರಿಯಲ್ಲಿ ಅವಳ ಚೀಲ ಹಿಡಿಯಲು ಕೈಚಾಚಿದರೆ ಕೊಡಲಿಲ್ಲ.

"ನೋವು ಐತೇನಕ್ಕ?"

"ಐತೆ. ನಡಿ."

ಒಂದು ಮನೆಯ ಮುಂದೆ ನಿಂತು, ಕೋಲನ್ನು ನನ್ನ ಕೈಗಿತ್ತು, ಹೊಸ್ತಿಲು ದಾಟಿ ಒಳಗೆ ಹೋದಳು. ಮಗುವಿನ ಅಳು ಕೇಳುವವರೆಗೂ ನಾನು ಆ ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತಲೇ ಇದ್ದೆ.