ತಟ್ಟೆಯಡಿಯ ಕೆಂಪು ಮುದ್ರೆ

ಮಟ್ಟಾಂಚೇರಿಯ ಹಳೆ ಸಾಮಾನಿನ ಅಂಗಡಿಯಲ್ಲಿ ತೆಂಗಿನ ನಾರಿನೊಳಗಿಂದ ಪಿಂಗಾಣಿ ತಟ್ಟೆಗಳನ್ನು ಬಿಚ್ಚುತ್ತಿದ್ದರು. ಒದ್ದೆ ನಾರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎಂಟು ವರ್ಷದವಳಾಗಿ ತಿರುವನಂತಪುರದ ಕ್ವಾರ್ಟರ್ಸಿನ ಹಿತ್ತಿಲಲ್ಲಿ ಕೂತಿದ್ದೆ. ಮೈಸೂರಿನಿಂದ ವರ್ಗವಾಗಿ ಬಂದ ಸಂಸಾರ ನಮ್ಮದು. "ಅಡಿ ತಿಕ್ಕದ ಪಾತ್ರೆ ತೊಳೆದ ಹಾಗಲ್ಲ ಕಣೇ" ಎನ್ನುತ್ತ ಅಮ್ಮ ತೊಳೆದದ್ದನ್ನೆಲ್ಲ ಕಟ್ಟೆಯ ಮೇಲೆ ಬೋರಲು ಹಾಕುತ್ತಿದ್ದಳು. ನಿಮ್ಮ ಮನೆಯಲ್ಲೂ ಇದ್ದೀತು, ಅಜ್ಜಿಯದೊಂದು ದೊಡ್ಡ ಪಿಂಗಾಣಿ ತಟ್ಟೆ. ನಮ್ಮದರ ಅಡಿಯಲ್ಲಿ ಕೆಂಪಗೆ ಏನೋ ಇತ್ತು. ಅಮ್ಮ ಮೆಚ್ಚಲಿ ಎಂದು ಒಂದು ರಜೆಯಿಡೀ ದಿನಾ ನಾರು, ಪುಡಿ ಹಾಕಿ ತಿಕ್ಕಿ ಅದನ್ನು ತೆಗೆದುಬಿಟ್ಟೆ. ಅದು ತಯಾರಿಸಿದವರ ಮುದ್ರೆ ಎಂದು ನನಗೇನು ಗೊತ್ತು?

ಅಜ್ಜಿ ತೀರಿಕೊಂಡ ಮೇಲೆ ಆ ತಟ್ಟೆಯನ್ನು ಒಯ್ಯಲು ಅಪ್ಪನ ತಂಗಿ ಸರೋಜತ್ತೆ ಬಂದಳು. ತಂಪಾನೂರಿನ ರೈಲು ನಿಲ್ದಾಣದಿಂದ ಆಟೋದಲ್ಲಿ ಬಂದಿಳಿದವಳು ಕಾಫಿಯನ್ನೂ ಮುಟ್ಟದೆ ತಟ್ಟೆ ಮಗುಚಿದಳು.

"ಅಮ್ಮನ ತಟ್ಟೆಗೆ ಕೆಂಪು ಮುದ್ರೆ ಇತ್ತು ಅತ್ತಿಗೆ. ಅಸಲೀದನ್ನ ಮಾರ್ಕೊಂಡು ನಂಗೆ ಇದನ್ನ ತೋರಿಸ್ತಿದೀರಾ?"

"ಇದೇ ತಟ್ಟೆ ಸರೋಜಾ, ದೇವರಾಣೆ" ಎಂದಳು ಅಮ್ಮ. ಅಪ್ಪ ಬಾಹ್ಯಾಕಾಶ ಕೇಂದ್ರದಲ್ಲಿ ಲೋಹದ ಬಿರುಕು ಹುಡುಕುವ ಕೆಲಸದವರು. ತಟ್ಟೆಯನ್ನು ಎತ್ತಿಯೂ ನೋಡಲಿಲ್ಲ, ಅಮ್ಮನ ಮುಖ ನೋಡಿದರು. ಬಾಗಿಲ ಸಂದಿಯಲ್ಲಿದ್ದ ನಾನು ಏಟಿಗೆ ಹೆದರಿ ಬಾಯಿಗೆ ಬೀಗ ಹಾಕಿಕೊಂಡೆ. ಅತ್ತೆ ತಟ್ಟೆ ಬಿಟ್ಟು ಹೋದಳು. ನನ್ನಮ್ಮ ಕಳ್ಳಿ ಎಂಬ ಮಾತನ್ನು ಅತ್ತೆ ನೆಂಟರ ಮನೆಮನೆಗೂ ಮುಟ್ಟಿಸಿದಳು. ಆಮೇಲೆ ಅಮ್ಮ ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟಳು. ನಾಳೆ ಹೇಳಿದರಾಯಿತು, ನಾಡಿದ್ದು ಹೇಳಿದರಾಯಿತು ಎನ್ನುತ್ತ ನಾನು ಬೆಳೆದೆ. ಅಮ್ಮ ಸತ್ತೇ ಹೋದಳು. ನನ್ನಂಥ ಹೇಡಿ ಮಗಳು ಶತ್ರುವಿಗೂ ಬೇಡ.

ಅಂಗಡಿಯಾತ ಒಂದು ತಟ್ಟೆ ಮಗುಚಿ ಮಲಯಾಳದಲ್ಲಿ ವಿವರಿಸಿದ. ನೀಲಿ ಮುದ್ರೆ ಸಾಮಾನ್ಯವಾಗಿ ಗಾಜಿನಂಥ ಮೆರುಗಿನ ಲೇಪದ ಒಳಗಿರುತ್ತದೆ, ತಿಕ್ಕಿದರೆ ಹೋಗದು. ಕೆಂಪಿನದು ಎಷ್ಟೋ ಸಲ ಮೆರುಗಿನ ಮೇಲಿರುತ್ತದೆ, ಸವೆಯುತ್ತದೆ. ಆದರೂ ಬೆಳಕಿಗೆ ಓರೆಯಾಗಿ ಹಿಡಿದರೆ ಅದರ ಜಾಡು ಕಾಣುತ್ತದೆ, ಅಕ್ಕಾ, ಎಂದ.

ಎರ್ನಾಕುಲಂನ ನನ್ನ ಮನೆಗೆ ಓಡಿಬಂದು ಅಮ್ಮ ಬಿಟ್ಟುಹೋಗಿದ್ದ ಅದೇ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಮುದ್ರೆಯ ಚೌಕ, ಅದರೊಳಗಿನ ಗೆರೆಗಳು, ಎಲ್ಲವೂ ಮಸುಕಾಗಿ ಇದ್ದವು. ಅಂದು ಯಾರಾದರೂ ಒಬ್ಬರು ಹೀಗೆ ಹಿಡಿದು ನೋಡಿದ್ದರೆ ಸಾಕಿತ್ತು. ಮೈಸೂರಿಗೆ ಫೋನ್ ಮಾಡಿ ಅಳುತ್ತಲೇ ಅತ್ತೆಗೆ ಎಲ್ಲ ಹೇಳಿದೆ.

"ಯಾವ ತಟ್ಟೆಯೇ? ನಂಗೆ ನೆನಪೇ ಇಲ್ವಲ್ಲೇ" ಎಂದಳು ಅತ್ತೆ. "ಅಷ್ಟಕ್ಕೆಲ್ಲ ಅಳ್ತಾರೇನೇ, ಹುಚ್ಚಿ! ಊಟ ಆಯ್ತಾ?"

"ಆಯ್ತು ಅತ್ತೆ" ಎಂದೆ.